ಕೆಥೆಡ್ರಲ್‌ಗೆ ಕನ್ನಡ ಪದ ಬೇಕು, ನಾಳೆ ಬೆಳಿಗ್ಗೆಯೊಳಗೆ

ಗೆಳೆಯರೇ, ಕಾರವಾರದ ಕೆಥೆಡ್ರಲ್ ಬಗ್ಗೆ ಸಣ್ಣ ಬೋರ್ಡು ಬರೆಸಬೇಕು. ಪೇಂಟರ್ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟು ಹೋಗಿದ್ದಾನೆ, ಬೆಳಿಗ್ಗೆ ಎಂಟಕ್ಕೆ ಬರುತ್ತಾನೆ. ನನ್ನ ಕರಡು: ‘ಸ್ವರ್ಗಾರೋಹಣ ಮಾತೆಯ ಪ್ರಧಾನಾಲಯ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತ್ಯದ ಮುಖ್ಯ ಚರ್ಚು.’ ಅಜ್ಜಿ ಓದಿ, ‘ಪ್ರಧಾನಾಲಯ ಅಂದ್ರೆ ಪ್ರಧಾನಿ ಆಫೀಸಾ? ಇಗರ್ಜಿ ಅಂತ ಬರಿ’ ಎಂದರು. ಯಾವುದು ಸರಿ?

ಕುಮಟಾದಿಂದ:
ಅಜ್ಜಿ ಹೇಳಿದ್ದೇ ಸರಿ. ಚರ್ಚಿಗೆ ಪೋರ್ಚುಗೀಸರು ಹೇಳುವ ‘ಇಗ್ರೇಜ’ ನಮ್ಮ ಬಾಯಲ್ಲಿ ಒತ್ತಕ್ಷರ ಜಾಗ ಬದಲಿಸಿ ಇಗರ್ಜಿ ಆಯಿತು. ಅದರ ಹಿಂದೆ ಗ್ರೀಕಿನ ‘ಎಕ್ಲೇಸಿಯ’, ಅಂದರೆ ಸೇರಿದ ಜನ. ಕಟ್ಟಡ ಅಲ್ಲ, ಜನ! 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಸೀಮೆ, ಆಗುವ ತನಕ ಇಲ್ಲಿನ ಇಗರ್ಜಿಗಳಿಗೆ ಗೋವಾವೇ ಹಿರಿಮನೆ. ಪ್ರಧಾನಾಲಯ ಸುಮ್ನೆ ಕಾಗದದ ಪದ.

ಶಿರಸಿಯಿಂದ:
ಎರಡೂ ಬೇಡ. ಒಂದು ಪೋರ್ಚುಗೀಸು, ಇನ್ನೊಂದು ಸಂಸ್ಕೃತ. ಕೆಥೆಡ್ರಲ್ ಬಂದದ್ದು ಗ್ರೀಕಿನ ‘ಕಥೆದ್ರ’ದಿಂದ. ಬಿಷಪ್ ಕೂರುವ ಕುರ್ಚಿ ಅದು. ಆ ಕುರ್ಚಿ ಇದ್ದರೆ ಮಾತ್ರ ಕೆಥೆಡ್ರಲ್, ಇಲ್ಲದಿದ್ದರೆ ಎಷ್ಟು ದೊಡ್ಡದಿದ್ದರೂ ಬರೀ ಚರ್ಚು. ‘ಗದ್ದುಗೆಗುಡಿ’ ಅನ್ನಿ. ಮುಗಿಯಿತು.

ಕುಮಟಾದಿಂದ:
ಮುಗಿಯಲಿಲ್ಲ ಮಾರಾಯ್ರೇ. ಗದ್ದುಗೆ ಅಂದರೆ ಎಷ್ಟೋ ಕಡೆ ಮಠದ ಸ್ವಾಮಿಗಳ ಸಮಾಧಿ. ಬೋರ್ಡು ಓದಿದವರು ಒಳಗೆ ಯಾರ ಸಮಾಧಿ ಅಂತ ಕೇಳುತ್ತಾರೆ. ಮತ್ತೆ ನೀವು ಬರೆದ ‘ಕುರ್ಚಿ’ ಅರಬ್ಬಿ ಮೂಲದ್ದು. ಚಾವಿ, ಬಟಾಟೆ, ಪಾದ್ರಿ ಎಲ್ಲ ಪೋರ್ಚುಗೀಸರ ಹಡಗಿಂದ ಇಳಿದವು. ವಾಪಸ್ ಕಳಿಸೋಣವಾ?

ಶಿರಸಿಯಿಂದ:
ಬಟಾಟೆ ತಿನ್ನಲು ಅಡ್ಡಿಯಿಲ್ಲ. ಬೋರ್ಡು ಬೇರೆ ವಿಷಯ.

ಹೊನ್ನಾವರದಿಂದ:
ಜಗಳದಲ್ಲಿ ಮೊದಲ ಪದವನ್ನೇ ಯಾರೂ ನೋಡಲಿಲ್ಲ. ಸ್ವರ್ಗಾರೋಹಣ ಯೇಸುವಿನದು, ತಾನಾಗಿ ಏರಿದ್ದು. ಮರಿಯಮ್ಮನನ್ನು ದೇವರೇ ಎತ್ತಿಕೊಂಡದ್ದು. ಆಗಸ್ಟ್ 15ರ ಹಬ್ಬಕ್ಕೆ ಸ್ವರ್ಗಸ್ವೀಕಾರ ಎನ್ನುತ್ತಾರೆ. ಪ್ರಧಾನಾಲಯ ಪೂಜೆಪುಸ್ತಕದವರಿಗೆ ಗೊತ್ತಿರುವ ಪದವೇ, ಇರಲಿ. ಇಗರ್ಜಿ ಅಂದರೆ ಯಾವ ಚರ್ಚಾದರೂ ಆಯಿತು, ಅದರಲ್ಲಿ ಬಿಷಪ್ ಪೀಠದ ಸುಳಿವಿಲ್ಲ. ಪೋರ್ಚುಗೀಸರೇ ಹಳೆ ಗೋವಾದಲ್ಲಿ ಕೆಥೆಡ್ರಲ್‌ಗೆ ಬೇರೆಯಾಗಿ ‘ಸೆ’ ಎಂದರು, ಅದೂ ಪೀಠ ಅಂತಲೇ.

ಕೇಳಿದವನಿಂದ:
ಥ್ಯಾಂಕ್ಸ್. ಮೇಲೆ ‘ಸ್ವರ್ಗಸ್ವೀಕೃತ ಮಾತೆಯ ಪ್ರಧಾನಾಲಯ’, ಕೆಳಗಿನ ಸಾಲಲ್ಲಿ ಚರ್ಚು ತೆಗೆದು ಇಗರ್ಜಿ. ‘ಸ್ವೀಕೃತ’ ಪೇಂಟರ್ ಹಾಕಿದ ಗೆರೆಯಲ್ಲಿ ಹಿಡಿಸುವುದಿಲ್ಲ. ಒದ್ದೆ ಬಟ್ಟೆ ತಗೊಂಡು ಒರೆಸುತ್ತಿದ್ದೇನೆ.

ಶಿರಸಿಯಿಂದ:
ಸ್ವೀಕೃತವಂತೆ! ಮತ್ತೆ ಸಂಸ್ಕೃತ.