ಸಹಾಯ ಬೇಕು: ನಾನೂ ಮೀನುಗಾರ್ತಿ ಅಂತ ಯಾವ ಕಾಗದ ತೋರಿಸಬೇಕು?

ನಮಸ್ಕಾರ. ನಾನು ಕುಮಟಾ ತಾಲೂಕಿನ ತದಡಿಯವಳು. ಹನ್ನೊಂದು ವರ್ಷದಿಂದ ಅತ್ತೆ ಜೊತೆ ನಸುಕಲ್ಲೇ ಬಂದರಿಗೆ ಹೋಗಿ ಬಂಗಡೆ, ತಾರ್ಲೆ ಮೀನು ಹರಾಜಲ್ಲಿ ಕೂಗಿ ತಗೊಳ್ತೇನೆ. ಉಪ್ಪು ಹಾಕಿ, ಕಾಗೆ ಕಾಯ್ತಾ ಒಣಗಿಸಿ, ಬುಟ್ಟಿ ಹೊತ್ತು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಒಯ್ಯೋದು. ಬಸ್ಸಲ್ಲಿ ವಾಸನೆ ಅಂತ ಇಳಿಸಿದ್ದೂ ಉಂಟು. ಅತ್ತೆ ಬೆರಳು ಉಪ್ಪಿಗೆ ಸೀಳಿ ಹೋಗಿದೆ.

ಅದಕ್ಕೇ ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್ ಬಾಕ್ಸ್ ಇರೋ ಆಟೋಗೆ ಅರ್ಜಿ ಹಾಕೋಣ ಅಂದ್ಕೊಂಡೆ. ಹೆಂಗಸರಿಗೆ ಶೇ. 60 ಸಹಾಯಧನ, ಮೀನು ಮಾರುವವರೂ ಅರ್ಹರು ಅಂತ ಓದಿದ್ದೇನೆ. ಆದರೆ ಕೇಳಿದಲ್ಲೆಲ್ಲ ಮೀನುಗಾರರ ಸಂಘದ ಸದಸ್ಯತ್ವ ತನ್ನಿ ಅಂತಾರೆ. ಸಂಘದಲ್ಲಿ, "ಕಡಲಿಗೆ ಹೋಗುವವರಿಗೆ ಮಾತ್ರ, ಗಂಡನ ಹೆಸರಲ್ಲಿ ಹಾಕಿ" ಅಂದರು. ದೋಣಿ ಲೈಸೆನ್ಸ್ ಗಂಡನದ್ದೇ. ಆದರೆ ದುಡಿಮೆ ನನ್ನದು, ಅರ್ಜಿಯೂ ನನ್ನ ಹೆಸರಲ್ಲೇ ಆಗಬೇಕು. ಅವರ ಹೆಸರಲ್ಲಾದರೆ ಸಾಮಾನ್ಯ ವರ್ಗದ ಶೇ. 40 ಅಷ್ಟೇ.

ಆಧಾರ್, ಬ್ಯಾಂಕ್ ಪಾಸ್‌ಬುಕ್, ಇ-ಶ್ರಮ್ ಕಾರ್ಡ್ ಇದೆ. ಎರಡು ಸಲ ಓಡಾಡಿ ಬಂದೆ. ಆಗಸ್ಟ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಮೀನು ಬರೋದರೊಳಗೆ ಆಗಬೇಕಿತ್ತು.

ಕುಮಟಾ, ಅಂಕೋಲಾ, ಕಾರವಾರ ಕಡೆ ಮೀನು ಮಾರುವ ಅಕ್ಕಂದಿರು ಯಾರಾದರೂ ತಮ್ಮ ಹೆಸರಲ್ಲೇ ಇದನ್ನು ಪಡೆದಿದ್ದೀರಾ? ಸಂಘದ ಸದಸ್ಯತ್ವದ ಬದಲು ಯಾವ ದಾಖಲೆ ಕೊಟ್ಟಿರಿ, ಯಾರಿಂದ ಬರೆಸಿಕೊಂಡಿರಿ?