ಯುಕ್ಯಾಟ್‌ನ ಸನ್ನಿವೇಶ ಪ್ರಶ್ನೆಗಳಿಗೆ ಕೋಚಿಂಗ್ ಬೇಕಾ?

ಸಾಗರದ ತಾಯಿ: ಮಗ ಇಂಗ್ಲೆಂಡಿನಲ್ಲಿ ಮೆಡಿಕಲ್ ಓದಬೇಕು ಅಂತ ಅಲ್ಲಿನ ಪ್ರವೇಶ ಪರೀಕ್ಷೆ ಯುಕ್ಯಾಟ್ ಬರೆಯುತ್ತಿದ್ದಾನೆ. ಲೆಕ್ಕ, ತರ್ಕದ ಚಿಂತೆ ಇಲ್ಲ. ಚಿಂತೆ ಇರುವುದು ಕೊನೆಯ ಭಾಗ ಸಿಚುಯೇಶನಲ್ ಜಡ್ಜ್‌ಮೆಂಟ್‌ದು. ಆಸ್ಪತ್ರೆಯ ಒಂದು ಸನ್ನಿವೇಶ ಕೊಟ್ಟು, ವಿದ್ಯಾರ್ಥಿ ಹೀಗೆ ನಡೆದುಕೊಂಡರೆ ಎಷ್ಟು ಸರಿ ಅಂತ ಕೇಳುತ್ತಾರೆ. 26 ನಿಮಿಷಕ್ಕೆ 69 ಪ್ರಶ್ನೆ. ಒಂದು ಕೋಚಿಂಗ್‌ನವರು ಇದೊಂದಕ್ಕೇ ಬೇರೆ ಫೀಸು ಕೇಳುತ್ತಿದ್ದಾರೆ. ಕಟ್ಟಬೇಕಾ?

ವಿನೋಬನಗರದ ಮೇಷ್ಟ್ರು: ಕಟ್ಟಬೇಡಿ ತಾಯಿ. ಒಳ್ಳೆಯದು ಕೆಟ್ಟದ್ದು ತಿಳಿಯಲು ಮನೆಯಲ್ಲಿ ಕಲಿತದ್ದೇ ಸಾಕು. ದುಡ್ಡು ಕೊಟ್ಟು ಕಲಿತ ಸಂಸ್ಕಾರ ಸಂಸ್ಕಾರವೇ ಅಲ್ಲ.

ಹೌಸ್ ಸರ್ಜನ್, ಶಿವಮೊಗ್ಗ: "ಮನೆಯಲ್ಲಿ ಕಲಿತದ್ದೇ ಸಾಕು" ಅನ್ನುವುದನ್ನು ಒಪ್ಪಲಾರೆ. ದೊಡ್ಡವರಿಗೆ ಎದುರು ಮಾತಾಡಬೇಡ ಅಂತಲೇ ನಮ್ಮ ಮನೆಗಳಲ್ಲಿ ಹೇಳಿಕೊಡುವುದು. ಹಿರಿಯ ಡಾಕ್ಟರ್ ಕೈ ತೊಳೆಯದೆ ರೋಗಿಯನ್ನು ಮುಟ್ಟಲು ಹೋದರೆ ವಿದ್ಯಾರ್ಥಿ ಸುಮ್ಮನೆ ನಿಲ್ಲುವುದು ಈ ಪರೀಕ್ಷೆಯಲ್ಲಿ ತಪ್ಪು. ಡಾಕ್ಟರುಗಳು ಹೇಗೆ ನಡೆದುಕೊಳ್ಳಬೇಕು ಅಂತ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ ಮಾಡಿದ ನಿಯಮಾವಳಿ 'ಗುಡ್ ಮೆಡಿಕಲ್ ಪ್ರಾಕ್ಟೀಸ್' ಓದಿಸಿ ಅಕ್ಕಾ. ನೆಟ್‌ನಲ್ಲಿ ಬಿಟ್ಟಿ ಸಿಗುತ್ತದೆ. ಹೊಸ ಆವೃತ್ತಿ 2024ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ಕಡೆ ಮಾಮೂಲು ಅನಿಸುವುದನ್ನೂ ಅಲ್ಲಿ ಯೋಚಿಸಿ ಮಾಡಬೇಕು. ರೋಗಿ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಇಸ್ಕೊಳ್ಳುವುದೂ ಅದರಲ್ಲಿ ಸೇರಿತು.

ಹೊಸನಗರ ತೋಟದಮನೆ: ಅಪ್ಪೆಮಿಡಿ ಇಸ್ಕೊಳ್ಳಲೂ ಯೋಚಿಸಬೇಕಾ? ಅದೇನು ಲಂಚವಾ ಡಾಕ್ಟ್ರೇ? ಹೊಳೆಸಾಲಿನ ಮರ ಹತ್ತಿ ಕೊಯ್ದು, ಉಪ್ಪು ಹಾಕಿಟ್ಟು, ಪ್ರೀತಿಯಿಂದ ತರುತ್ತೇವೆ.

ಕೋಣಂದೂರು ವಕೀಲ: ಪ್ರೀತಿ ಬೇರೆ, ಕಾನೂನು ಬೇರೆ. ನಮ್ಮ ದೇಶದಲ್ಲೇ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮಕ್ಕೆ 2009ರಲ್ಲಿ ತಿದ್ದುಪಡಿ ತಂದಿದ್ದಾರೆ. ವೈದ್ಯರು ಉಡುಗೊರೆ ತಗೊಳ್ಳುವಂತಿಲ್ಲ. ಮುಗಿಯಿತು.

ಹೌಸ್ ಸರ್ಜನ್, ಶಿವಮೊಗ್ಗ: ವಕೀಲರೇ, ಪೂರ್ತಿ ಓದಿ. ಆ ತಿದ್ದುಪಡಿ ಔಷಧ ಕಂಪನಿಗಳು ಕೊಡುವ ಉಡುಗೊರೆಗೆ ಸಂಬಂಧಿಸಿದ್ದು. ಬ್ರಿಟನ್ನಿನ ನಿಯಮದಲ್ಲೂ ರೋಗಿ ತಾನಾಗಿ ಕೊಟ್ಟದ್ದನ್ನು ತಗೊಳ್ಳಬಹುದು. ಆದರೆ ಅದರಿಂದ ಚಿಕಿತ್ಸೆ ಬದಲಾಗಬಾರದು, ಬದಲಾದಂತೆ ಕಾಣಲೂ ಬಾರದು.

ಕೋಣಂದೂರು ವಕೀಲ: "ಕಾಣಲೂ ಬಾರದು" ಅಂತ ನೀವೇ ಬರೆದಿರಲ್ಲ! ಓಪಿಡಿಯಲ್ಲಿ ಬೆಳಗ್ಗೆಯಿಂದ ಸಾಲಿನಲ್ಲಿ ನಿಂತವನ ಕಣ್ಣಿಗೆ ಭರಣಿ ಹಿಡಿದು ಒಳಗೆ ಹೋದವನು ಹೇಗೆ ಕಾಣುತ್ತಾನೆ?

ಹೊಸನಗರ ತೋಟದಮನೆ: ಸಾಲು ತಪ್ಪಿಸಿ ಹೋದೆವು ಅಂತ ಯಾರು ಹೇಳಿದ್ದು? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಜ್ವರದ ಕಾಲದಲ್ಲಿ ಕಾಡಂಚಿನ ಮನೆಗೆ ಹುಡುಕಿಕೊಂಡು ಬಂದ ಡಾಕ್ಟರಿಗೆ ಗುಣವಾದ ಮೇಲೆ ಒಂದು ಭರಣಿ ಕೊಟ್ಟರೆ ನಾವು ಲಂಚಕೋರರಾ? ಕೋರ್ಟಿನ ಮಾತು ಇಲ್ಲಿ ಬೇಡ.

ವಿನೋಬನಗರದ ಮೇಷ್ಟ್ರು: ತೋಟದವರು ಹೇಳಿದ್ದು ನ್ಯಾಯ. ಕೊಟ್ಟದ್ದನ್ನು ತಿರುಗಿಸಿದರೆ ಆ ಮನೆಯವರು ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರಾ? ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಒಂದೂ ನೀತಿಯ ಪ್ರಶ್ನೆ ಇಲ್ಲ. ಆದರೂ ನಮ್ಮಲ್ಲಿ ಒಳ್ಳೆಯ ಡಾಕ್ಟರುಗಳಿಗೆ ಬರವಿಲ್ಲ.

ಹೌಸ್ ಸರ್ಜನ್, ಶಿವಮೊಗ್ಗ: ನೀಟ್‌ನಲ್ಲಿ ಇಲ್ಲದಿದ್ದರೇನು? 2019ರಿಂದ ಎಂಬಿಬಿಎಸ್ ಪಠ್ಯದಲ್ಲೇ ಆಟ್‌ಕಾಮ್ ಇದೆ. ನಡವಳಿಕೆ, ನೀತಿ, ರೋಗಿಯ ಜೊತೆ ಮಾತಾಡುವ ರೀತಿ, ಎಲ್ಲವನ್ನೂ ಪಾಠ ಮಾಡುತ್ತಾರೆ. ಮನೆಯದ್ದೇ ಸಾಕಾಗಿದ್ದರೆ ಅದು ಯಾಕೆ ಬರುತ್ತಿತ್ತು ಮೇಷ್ಟ್ರೇ?

ವಿನೋಬನಗರದ ಮೇಷ್ಟ್ರು: ಪಠ್ಯದಲ್ಲಿ ಬಂದದ್ದೆಲ್ಲ ಬೇಕಾದದ್ದೇ ಅಂತ ಹೇಳಲು ಬರುವುದಿಲ್ಲ. ನಾನೂ ಪಾಠ ಮಾಡಿದವನು.

ಸಾಗರದ ತಾಯಿ: ದಯವಿಟ್ಟು ಯಾರಾದರೂ ನನ್ನ ಪ್ರಶ್ನೆಗೆ ಬನ್ನಿ. ಪರೀಕ್ಷೆ ಹತ್ತಿರ ಬಂತು.

ತೀರ್ಥಹಳ್ಳಿ ಹುಡುಗಿ, ಈಗ ಇಂಗ್ಲೆಂಡ್: ಆಂಟಿ, ನಾನು ಬರೆದು ಬಂದವಳು. ಈ ಭಾಗದ ಅಂಕ 2700ರ ಒಟ್ಟು ಸ್ಕೋರಿಗೆ ಸೇರುವುದಿಲ್ಲ. 1ರಿಂದ 4ರವರೆಗೆ ಬ್ಯಾಂಡ್ ಕೊಡುತ್ತಾರೆ, 1 ಒಳ್ಳೆಯದು. ಬ್ಯಾಂಡ್ 4 ಬಂದರೆ ಕೆಲವು ಯೂನಿವರ್ಸಿಟಿಗಳು ಅರ್ಜಿಯನ್ನೇ ತಗೊಳ್ಳುವುದಿಲ್ಲ, ಕೆಲವು ಇದನ್ನು ನೋಡುವುದೇ ಇಲ್ಲ. ಮೊದಲು ಅರ್ಜಿ ಹಾಕುವ ಕಡೆ ಏನಿದೆ ನೋಡಿ. ಕೋಚಿಂಗ್ ಬೇಡ. ಯುಕ್ಯಾಟ್‌ನವರ ಸ್ವಂತ ಮಾದರಿ ಪರೀಕ್ಷೆಗಳು ಬಿಟ್ಟಿ ಇವೆ, ಅವನ್ನು ಟೈಮ್ ಇಟ್ಟು ಮಾಡಿಸಿ. ತಪ್ಪಾದದ್ದರ ವಿವರಣೆ ಓದುವುದೇ ನಿಜವಾದ ತಯಾರಿ. 'ಎಷ್ಟು ಸರಿ' ಅನ್ನುವ ಪ್ರಶ್ನೆಯಲ್ಲಿ ಒಂದೊಂದು ನಡೆಯನ್ನೂ ಬೇರೆಯಾಗಿಯೇ ತೂಗಬೇಕು, ಪಕ್ಕದ್ದಕ್ಕೆ ಹೋಲಿಸಬಾರದು. ಒಂದೇ ನಡೆಯಿಂದ ಸಮಸ್ಯೆ ಪೂರ್ತಿ ಬಗೆಹರಿಯಬೇಕು ಅಂತಲೂ ಇಲ್ಲ. ಸರಿಯುತ್ತರದ ಹತ್ತಿರ ಹೋದರೂ ಒಂದಿಷ್ಟು ಅಂಕ ಸಿಗುತ್ತದೆ. ಜಾಸ್ತಿ ಜನ ಎಡವುವುದು ಗುಟ್ಟು ಕಾಯುವುದರಲ್ಲಿ. ಆಸ್ಪತ್ರೆಯಲ್ಲಿ ಯಾರಿದ್ದಾರೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಕೇಳಿದರೆ ನಮ್ಮೂರಲ್ಲಿ ಹೇಳಿಬಿಡುತ್ತೇವೆ, ಅಲ್ವಾ? ಅಲ್ಲಿ ಅದು ದೊಡ್ಡ ತಪ್ಪು.

ವಿನೋಬನಗರದ ಮೇಷ್ಟ್ರು: "ಕೆಲವು ಯೂನಿವರ್ಸಿಟಿಗಳು ನೋಡುವುದೇ ಇಲ್ಲ". ನೋಡಿದಿರಾ? ಅವರಿಗೇ ಇದರ ಮೇಲೆ ನಂಬಿಕೆ ಇಲ್ಲ.

ಕೋಣಂದೂರು ವಕೀಲ: ತಾಯಿ, ಮಗ ವಾಪಸ್ ಬಂದು ಇಲ್ಲೇ ಡಾಕ್ಟರ್ ಆಗುವ ಆಸೆ ಇದ್ದರೆ ನೀಟ್ ಪಾಸಾಗಿರಲೇಬೇಕು, 2018ರಿಂದ ಹಾಗೆ. ಇನ್ನು ಹೌಸ್ ಸರ್ಜನ್ ಅವರೇ, ನೇರ ಉತ್ತರ ಕೊಡಿ. ನಾಳೆ ವಾರ್ಡಿನಲ್ಲಿ ಭರಣಿ ಬಂದರೆ ನೀವೇನು ಮಾಡುತ್ತೀರಿ?

ಹೌಸ್ ಸರ್ಜನ್, ಶಿವಮೊಗ್ಗ: ಇಸ್ಕೊಳ್ಳುತ್ತೇನೆ. ನನ್ನ ಸೀನಿಯರ್‌ಗೆ ಹೇಳುತ್ತೇನೆ. ವಾರ್ಡಿನ ಎಲ್ಲರಿಗೂ ಊಟದ ಜೊತೆ ಬಡಿಸುತ್ತೇನೆ.

ಹೊಸನಗರ ತೋಟದಮನೆ: ಇಸ್ಕೊಳ್ಳುತ್ತೇನೆ ಅಂದಿರಲ್ಲ, ಅಷ್ಟೇ ಸಾಕು. ನಾನು ಮೊದಲಿನಿಂದ ಹೇಳಿದ್ದೂ ಅದನ್ನೇ.

ಕೋಣಂದೂರು ವಕೀಲ: ಸೀನಿಯರ್‌ಗೆ ಹೇಳುತ್ತೇನೆ ಅಂದದ್ದನ್ನು ಓದಲೇ ಇಲ್ಲ ನೀವು.