ಒಂದೇ ರೂಟರ್‌ನಲ್ಲಿ ಎರಡು ಓಎಸ್‌ಪಿಎಫ್: ಹಾಸನದಲ್ಲಿರುವ ರೂಟ್ ಸಕಲೇಶಪುರಕ್ಕೆ ಯಾಕೆ ಹೋಗ್ತಿಲ್ಲ?

ಬಿಎಂರೋಡ್_ಹಾಸನ:
ನಮ್ಮದು ಕಾಫಿ ಕಂಪನಿ. ಆಫೀಸು ಹಾಸನ, ಗೋಡೌನ್ ಸಕಲೇಶಪುರ. ಈಚೆಗೆ ಚಿಕ್ಕಮಗಳೂರಲ್ಲಿ ಒಂದು ಕ್ಯೂರಿಂಗ್ ವರ್ಕ್ಸ್ ಕೊಂಡರು. ಅಲ್ಲಿನ ರೂಟರ್‌ಗಳು ಇನ್ನೂ ಹಳೇ ವೆಂಡರ್ ಕೈಯಲ್ಲಿವೆ, ನಾವು ಮುಟ್ಟುವ ಹಾಗಿಲ್ಲ. ಹಾಗಾಗಿ ಹಾಸನದ ಸಿಸ್ಕೋ ರೂಟರ್‌ನಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ತಮ್ಮತಮ್ಮಲ್ಲಿ ದಾರಿ ತಿಳಿಸಿಕೊಳ್ಳುವ ಪ್ರೋಟೋಕಾಲ್) ಎರಡು ಪ್ರೋಸೆಸ್ ಹಾಕಿದ್ದೇನೆ. ಸಕಲೇಶಪುರದ ಕಡೆ 1, ಚಿಕ್ಕಮಗಳೂರಿನ ಕಡೆ 2. ನೇಬರ್ ಎರಡೂ ಫುಲ್, ಅಂದ್ರೆ ಎರಡೂ ಕಡೆಯ ರೂಟರ್ ಜೊತೆ ಸಂಪರ್ಕ ಪೂರ್ತಿ ಆಗಿದೆ. ಹಾಸನದಿಂದ ಚಿಕ್ಕಮಗಳೂರಿನ ವೇಬ್ರಿಡ್ಜ್ (ಲಾರಿ ತೂಕದ) ಸರ್ವರ್ 172.16.30.10ಕ್ಕೆ ಪಿಂಗ್ ಹೋಗುತ್ತೆ. ಸಕಲೇಶಪುರದಲ್ಲಿ ಆ ರೂಟೇ ಇಲ್ಲ! ಗೋಡೌನ್ ರೈಟರು ಲಾರಿ ತೂಕ ಫೋನಲ್ಲಿ ಕೇಳಿ ಬರ್ಕೋತಿದ್ದಾರೆ.

ಪಿಂಗ್_ಮಾಡಿನೋಡಿ:
ಎಲ್ಲಾ ಕಡೆ ಪ್ರೋಸೆಸ್ ನಂಬರ್ ಒಂದೇ ಇಡಿ ಸರ್, ಸರಿ ಹೋಗುತ್ತೆ.

ಮೂಡಿಗೆರೆ_ಮಳೆ:
ಅಲ್ಲ ಮಾರಾಯ್ರೇ. ನಂಬರ್ ಒಂದೇ ಇರಬೇಕಾದ್ದು ಈಐಜಿಆರ್‌ಪಿ ಅನ್ನೋ ಇನ್ನೊಂದು ರೂಟಿಂಗ್ ಪ್ರೋಟೋಕಾಲ್‌ಗೆ. ಓಎಸ್‌ಪಿಎಫ್ ಪ್ರೋಸೆಸ್ ನಂಬರ್ ಆ ರೂಟರ್ ಒಳಗಿನ ಲೆಕ್ಕಕ್ಕೆ ಅಷ್ಟೇ. ಪಕ್ಕದ ರೂಟರ್‌ಗೆ ಅದು ಗೊತ್ತೇ ಆಗಲ್ಲ.

ಎರಡು ಪ್ರೋಸೆಸ್ ಅಂದ್ರೆ ಒಂದೇ ಮನೆಯಲ್ಲಿ ಎರಡು ಒಲೆ. ಪ್ರತಿಯೊಂದಕ್ಕೂ ಬೇರೆ ಡೇಟಾಬೇಸ್, ಬೇರೆ ರೂಟರ್ ಐಡಿ. ರೂಟಿಂಗ್ ಟೇಬಲ್ ಮಾತ್ರ ಒಂದೇ. ಅದಕ್ಕೇ ಹಾಸನದಲ್ಲಿ ಎರಡೂ ಕಡೆಯ ರೂಟ್ ಕಾಣ್ತಿವೆ. ಒಂದರದ್ದು ಇನ್ನೊಂದಕ್ಕೆ ದಾಟಬೇಕಾದ್ರೆ ನೀವೇ ದಾಟಿಸಬೇಕು.

'ರೂಟರ್ ಓಎಸ್‌ಪಿಎಫ್ 1' ಒಳಗೆ 'ರೀಡಿಸ್ಟ್ರಿಬ್ಯೂಟ್ ಓಎಸ್‌ಪಿಎಫ್ 2 ಸಬ್‌ನೆಟ್ಸ್' ಹಾಕಿ. ಕೊನೆಯ ಪದ ಬಿಡಬೇಡಿ. ಹಳೇ ಐಓಎಸ್‌ನಲ್ಲಿ (ಸಿಸ್ಕೋ ರೂಟರ್ ಸಾಫ್ಟ್‌ವೇರ್) ಅದಿಲ್ಲದಿದ್ರೆ ಕ್ಲಾಸ್‌ಫುಲ್, ಅಂದ್ರೆ ತುಂಡು ಮಾಡದ ಪೂರ್ತಿ ನೆಟ್‌ವರ್ಕ್ ಮಾತ್ರ ದಾಟುತ್ತೆ. ನಿಮ್ಮ 172.16.30.0/24 ಅಲ್ಲೇ ಉಳಿಯುತ್ತೆ. ಹಾಗೇ 2ರ ಒಳಗೆ 1ನ್ನೂ ತನ್ನಿ, ಇಲ್ಲದಿದ್ರೆ ಸಕಲೇಶಪುರಕ್ಕೆ ಉತ್ತರ ವಾಪಸ್ ಬರೋ ದಾರಿ ಇರಲ್ಲ. ಸುಮ್ನೆ ಎಲ್ಲಾ ತುಂಬಬೇಡಿ, ರೂಟ್ ಮ್ಯಾಪ್ (ರೂಟ್ ಸೋಸುವ ನಿಯಮ) ಹಾಕಿ ಬೇಕಾದ್ದಷ್ಟೇ ಬಿಡಿ. ಪರರ ಕೈಯಲ್ಲಿರೋ ರೂಟರ್‌ನಿಂದ ನಾಳೆ ಬೇಡದ ರೂಟ್ ಏನಾದ್ರೂ ಬಂದ್ರೆ ತಲೆನೋವು ನಿಮಗೇ.

ಬಿಎಂರೋಡ್_ಹಾಸನ:
ಬಂತು ಸರ್! ಸಕಲೇಶಪುರದಲ್ಲಿ ಈಗ 'ಓ ಇ2', ಅಂದ್ರೆ ಹೊರಗಿಂದ ಬಂದ ರೂಟ್ ಅಂತ ತೋರಿಸ್ತಿದೆ. ವೇಬ್ರಿಡ್ಜ್ ಪೇಜೂ ತೆರೀತು. ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ಹಾಸನದ ಲಿಂಕ್ ಹೋದ್ರೆ ಅಂತ ಸಕಲೇಶಪುರದಿಂದ ನೇರ ಚಿಕ್ಕಮಗಳೂರಿಗೆ ಬ್ಯಾಕಪ್ ಹಾಕೋಣ ಅಂತಿದ್ದಾರೆ. ಅಲ್ಲೂ ಇದೇ ಎರಡು ಸಾಲು ಸಾಕಾ?

ಮೂಡಿಗೆರೆ_ಮಳೆ:
ಸಾಲದು. ದಾಟೋ ಜಾಗ ಎರಡಾದ್ರೆ, ಹಾಸನದಲ್ಲಿ 2ರಿಂದ 1ಕ್ಕೆ ಹೋದ ರೂಟ್ ಸಕಲೇಶಪುರದಲ್ಲಿ 1ರಿಂದ ಮತ್ತೆ 2ಕ್ಕೆ ನುಗ್ಗಬಹುದು. ಎರಡು ಪ್ರೋಸೆಸ್‌ಗೂ ಡಿಸ್ಟೆನ್ಸ್ (ರೂಟ್ ಎಷ್ಟು ನಂಬಬಹುದು ಅನ್ನೋ ಅಂಕ, ಕಮ್ಮಿ ಇದ್ದದ್ದು ಗೆಲ್ಲುತ್ತೆ) 110. ಯಾವ ರೂಟ್ ಗೆಲ್ಲುತ್ತೆ ಅಂತ ಹೇಳೋಕಾಗಲ್ಲ, ಲೂಪ್ ಬಿದ್ರೂ ಬೀಳಬಹುದು. ಎರಡು ರೂಟರ್‌ನಲ್ಲೂ, ದಾಟಿಸುವಾಗ ರೂಟ್ ಮ್ಯಾಪ್‌ನಲ್ಲಿ ಟ್ಯಾಗ್ (ಗುರುತಿನ ನಂಬರ್) ಹಾಕಿ, ಆ ಟ್ಯಾಗ್ ಇರೋದನ್ನ ವಾಪಸ್ ದಾಟಿಸುವಾಗ ಡಿನೈ ಮಾಡಿ. ಜೊತೆಗೆ ಹೊರಗಿನ ರೂಟ್‌ಗಳ ಡಿಸ್ಟೆನ್ಸ್ ಸ್ವಲ್ಪ ಜಾಸ್ತಿ ಇಡಿ, ಆಗ ಒಳಗಿಂದ ಬಂದದ್ದೇ ಗೆಲ್ಲುತ್ತೆ. ಲಿಂಕ್ ಹಾಕೋ ಮೊದಲು ಎರಡರ ಕಾನ್ಫಿಗ್ ಇಲ್ಲಿ ಹಾಕಿ, ಪಾಸ್‌ವರ್ಡ್ ಅಳಿಸಿ ಮತ್ತೆ!